ಮಾರಯ್ಯನ ಹೆಚ್ಚಿನ ಅಕ್ಕಿ

ನಸುಕಿನ ಐದು ಗಂಟೆಗೆ ನನ್ನ ಕೈಗೆ ಗುಂಡಗಡಗಿ ತೆರೆಯಲು ಆಗುವುದಿಲ್ಲ. ಇಷ್ಟಲಿಂಗ ಇಡುವ ಬೆಳ್ಳಿಯ ಆ ಪುಟ್ಟ ಕರಡಿಗೆಯ ಮುಚ್ಚಳವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಬಿಡಿಸಬೇಕು. ದೀಕ್ಷೆಯಾದ ದಿನದಿಂದ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ ಅದು. ಈಗ ಎದ್ದ ಮೇಲೆ ಒಂದು ತಾಸಾದರೂ ಗೆಣ್ಣುಗಳು ಮಡಚುವುದಿಲ್ಲ. ರಾತ್ರಿ ಮಡಚಿಕೊಂಡಿದ್ದರೆ ಬಿಚ್ಚುವುದಿಲ್ಲ. ನೀರು ಕಾಯಿಸಿ ಬೋಗುಣಿಗೆ ಸುರುವಿಕೊಂಡು, ಎರಡೂ ಕೈ ಅದರಲ್ಲಿ ಇಳಿಬಿಟ್ಟು ಕೂಡುತ್ತೇನೆ. ಹೊರಗೆ ವಿಜಯಪುರದ ಹೆದ್ದಾರಿಯ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರುಗಳ ಸಪ್ಪಳ ಕೇಳುತ್ತಿರುತ್ತದೆ. ನೀರು ಆರುವ ಹೊತ್ತಿಗೆ ಮೊದಲು ಹೆಬ್ಬೆರಳು, ಆಮೇಲೆ ಕಿರುಬೆರಳು, ಎಲ್ಲಕ್ಕೂ ಕಡೆಗೆ ನಡುಬೆರಳು ಸಡಿಲಾಗುತ್ತದೆ. ಆಗ ಲಿಂಗ ಅಂಗೈಗೆ ಬರುತ್ತದೆ.

ಬಂದರೂ ಮೊದಲಿನಂತೆ ನಿಲ್ಲುವುದಿಲ್ಲ. ಎಡ ಅಂಗೈ ಪೂರ್ತಿ ಹರಡದ ಕಾರಣ ಹೆಬ್ಬೆರಳಿನ ಬುಡದ ಕಡೆಗೆ ವಾಲುತ್ತದೆ. ನಾನು ಮೊಣಕೈಯನ್ನು ತೊಡೆಗೆ ಆನಿಸಿ, ವಾಲಿದ್ದನ್ನು ಸರಿಮಾಡಿ, ನೋಟ ನಿಲ್ಲಿಸಲು ನೋಡುತ್ತೇನೆ.

ನಮ್ಮಲ್ಲಿ ಅಂಗೈಗೆ ಕರಸ್ಥಲ ಎನ್ನುತ್ತಾರೆ. ಇಷ್ಟಲಿಂಗಕ್ಕೆ ಗರ್ಭಗುಡಿ ಬೇಡ, ನಡುವೆ ಪೂಜಾರಿ ಬೇಡ. ಗುರು ತಲೆಯ ಮೇಲೆ ಕೈಯಿಟ್ಟು ಅಂಗೈಗೆ ಲಿಂಗ ಕೊಟ್ಟ ಮೇಲೆ ಆ ಅಂಗೈಯೇ ಪೀಠ. ಹೀಗಾಗಿ ಕೈಯ ಬೇನೆ ನನಗೆ ಬರೀ ಮೈಯ ಬೇನೆಯಾಗಿ ಉಳಿಯಲಿಲ್ಲ. ಪೂಜೆಗೂ ಅದೇ ಕೈ, ಹೊಟ್ಟೆಪಾಡಿಗೂ ಅದೇ ಕೈ. ಕಾಯ ಸೋತಾಗ ಕಾಯಕ ಏನಾಗುತ್ತದೆ? ಕಾಯಕವನ್ನೇ ಕೈಲಾಸವೆಂದು ನಂಬಿದ ಮನೆಯಲ್ಲಿ ಬೆಳೆದವಳಿಗೆ ಈ ಪ್ರಶ್ನೆ ದಿನಾಲೂ ಮುಂಜಾನೆ ಬೋಗುಣಿಯ ಮುಂದೆ ಎದ್ದು ಕೂಡುತ್ತದೆ.

ನನ್ನ ಕಾಯಕ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಿಸುವುದು. 1999ರಲ್ಲಿ ಬೀಳಗಿಯ ಒಂದು ಡಿಟಿಪಿ ಅಂಗಡಿಗೆ ಸೇರಿದೆ. ಹತ್ತು ವರ್ಷದ ಮೇಲೆ ಬಾಡಗಂಡಿಯ ಮನೆಯಲ್ಲೇ ಒಂದು ಮೇಜು ಹಾಕಿಕೊಂಡೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಮಠದ ಸ್ಮರಣ ಸಂಚಿಕೆ, ಪಿಎಚ್‌ಡಿ ಪ್ರಬಂಧ ಎಲ್ಲವನ್ನೂ ಮಾಡಿದ್ದೇನೆ. ಹೆಚ್ಚು ಮಾಡಿದ್ದು ವಚನಗಳನ್ನು. ಈ ಭಾಗದಲ್ಲಿ ಯಾವ ಪುಸ್ತಕವೂ ವಚನವಿಲ್ಲದೆ ಮುಗಿಯುವುದಿಲ್ಲ. ಕೃಷ್ಣೆ ದಾಟಿದರೆ ವಿಜಯಪುರ. ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ ತೆಗೆದ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ್ದು ಅಲ್ಲಿಯೇ. ಅಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದವರ ಹೆಸರು ಯಾರಿಗೂ ತಿಳಿಯದು. ಅವರ ಬೆರಳುಗಳನ್ನು ನಾನು ಆಗಾಗ ನೆನೆಯುತ್ತೇನೆ. ಬಸವಣ್ಣನ ಮಾತು ನನ್ನ ತಲೆಮಾರಿಗೆ ಬಂದದ್ದು ಆ ಬೆರಳುಗಳನ್ನು ದಾಟಿಯೇ.

2016ರ ಚಳಿಯಲ್ಲಿ ಬೇನೆ ಶುರುವಾಯಿತು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಅಂಗೈ ಇಟ್ಟರೆ ಗೆಣ್ಣುಗಳಲ್ಲಿ ಕೆಂಡ ಇಟ್ಟ ಹಾಗೆ. ಮೊದಲ ಒಂದು ವರ್ಷ ನೋಡಿದ ವೈದ್ಯರು, "ಟೈಪ್ ಮಾಡಿ ಮಾಡಿ ಕೈ ದಣದಾವ್ರಿ" ಎಂದು ನೋವಿನ ಸೂಜಿ ಮಾಡುತ್ತಾ ಹೋದರು. ಎರಡೂ ಕೈಯ ಅವೇ ಗೆಣ್ಣುಗಳು ಸಮನಾಗಿ ಊದಿದ್ದನ್ನು ಕಂಡು, ಬೇರೆಯೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ರುಮಟಾಯ್ಡ್ ಸಂಧಿವಾತ ಎಂದು ತಿಳಿಯಿತು. ರೋಗದ ವಿರುದ್ಧ ನಿಲ್ಲಬೇಕಾದ ಮೈಯ ಕಾವಲೇ ದಿಕ್ಕು ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ; ಪೊರೆ ಊದಿ, ಬಿಟ್ಟರೆ ಎಲುಬನ್ನೂ ತಿನ್ನುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ನನಗಿದು ಟೈಪಿಂಗಿನಿಂದ ಬಂದದ್ದಲ್ಲ ಎಂದು ಅವರು ಬಿಡಿಸಿ ಹೇಳಿದರು. ಆದರೆ ಊದಿದ ಕೀಲಿಗೆ ಟೈಪಿಂಗ್ ಭಾರವೇ. ಅಂದಿನಿಂದ ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಮೆಥೊಟ್ರೆಕ್ಸೇಟ್ ಗುಳಿಗೆ. ದಿನಾ ತೆಗೆದುಕೊಳ್ಳುವ ಗುಳಿಗೆ ಅಲ್ಲ ಅದು, ತಪ್ಪಿ ತೆಗೆದುಕೊಂಡರೆ ಜೀವಕ್ಕೇ ಕುತ್ತು ಎಂದು ಕ್ಯಾಲೆಂಡರಿನ ಭಾನುವಾರಗಳಿಗೆ ಸುತ್ತು ಹಾಕಿಕೊಟ್ಟರು.

ಮನೆಗೆ ಬಂದುಹೋಗುವವರು ಬೇರೆ ಕಾರಣ ಹೇಳಿದರು. "ಹಿಂದಿನ ಜನ್ಮದ್ದವ್ವಾ, ಉಂಡ ತೀರಿಸಬೇಕು" ಎಂದು ಒಬ್ಬ ಹಿರಿಯರು ಮರುಕದಿಂದಲೇ ಅಂದರು. ಆ ಮರುಕವನ್ನು ತೆಗೆದುಕೊಂಡೆ, ಮಾತನ್ನು ತೆಗೆದುಕೊಳ್ಳಲಿಲ್ಲ. ಹಿಂದಿನ ಜನ್ಮದ ಅದೇ ಲೆಕ್ಕ ತೋರಿಸಿಯೇ ಒಂದು ಕಾಲದಲ್ಲಿ ಸಮಗಾರ ಹರಳಯ್ಯನಂಥವರನ್ನು ಊರ ಹೊರಗೆ ಇಟ್ಟಿದ್ದರು. ಕಲ್ಯಾಣದ ಶರಣರು ಆ ಲೆಕ್ಕದ ಪುಸ್ತಕವನ್ನೇ ಮುಚ್ಚಿ, ಇಂದು ನೀನು ಏನು ಮಾಡುತ್ತೀ ಎಂದು ಕೇಳಿದರು. ಹುಟ್ಟಿನ ಪಾಪ ಎಂಬ ಮಾತನ್ನು ಹರಳಯ್ಯನ ವಿಷಯದಲ್ಲಿ ಒಪ್ಪದೆ ನನ್ನ ಗೆಣ್ಣುಗಳ ವಿಷಯದಲ್ಲಿ ಒಪ್ಪಲು ನನಗೆ ಬರುವುದಿಲ್ಲ.

ನನ್ನನ್ನು ಕಾಡಿದ್ದು ಕರ್ಮದ ಮಾತಲ್ಲ, ಕಾಯಕದ ಮಾತೇ. ನಾನು ಹುಟ್ಟಿದ್ದು ಬನಹಟ್ಟಿಯ ನೇಕಾರರ ಮನೆಯಲ್ಲಿ. ಅಪ್ಪನದು ಕುಣಿಮಗ್ಗ. ಕಾಲು ಕುಣಿಯೊಳಗೆ, ಕೈ ಲಾಳಿಯ ಹಗ್ಗದ ಮೇಲೆ. ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದಳು. "ಲಾಳಿ ನಿಂತ್ರ ಮನಿ ನಿಂತಂಗ, ತಂಗಿ" ಎನ್ನುತ್ತಿದ್ದ ಅಪ್ಪ. ಜ್ವರ ಬಂದರೂ ಕುಣಿಗೆ ಇಳಿಯುತ್ತಿದ್ದ. ಶ್ರಾವಣದ ಪ್ರವಚನದಲ್ಲಿ ನುಲಿಯ ಚಂದಯ್ಯನ ಕಥೆ ಕೇಳಿ ಬಂದ ರಾತ್ರಿ ಅದನ್ನು ನಮಗೆ ಮತ್ತೆ ಹೇಳುತ್ತಿದ್ದ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಚಂದಯ್ಯನ ಇಷ್ಟಲಿಂಗ ಜಾರಿ ಬಿತ್ತು. ಅವನು ಹುಲ್ಲು ಕೊಯ್ಯುವುದನ್ನು ಬಿಡಲಿಲ್ಲ. ಲಿಂಗವೇ ಅವನ ಹಿಂದೆ ಬಂತು. ಲಿಂಗ ಜಾರಿದರೂ ಕಾಯಕ ನಿಲ್ಲಬಾರದು ಎಂದು ನನ್ನ ಎಳೆಯ ಮನಸ್ಸು ಅದರಿಂದ ಕಲಿಯಿತು.

ಅದೇ ಪಾಠ ನಲವತ್ತು ದಾಟಿದ ಮೇಲೆ ನನ್ನನ್ನು ಹೊಡೆಯಿತು. ಅರ್ಧ ತಾಸಿಗೊಮ್ಮೆ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುವ ನಾನು ಎಂಥ ಕಾಯಕದವಳು? ಕೈ ಎತ್ತಿದಾಗಲೆಲ್ಲ ಅಪ್ಪನ ಲಾಳಿ ನಿಂತ ಹಾಗೆ ಅನಿಸುತ್ತಿತ್ತು. ಅದಕ್ಕೆ ಕೈ ಚೆನ್ನಾಗಿದ್ದ ದಿನ ಸಿಕ್ಕರೆ ಬಿಡುತ್ತಿರಲಿಲ್ಲ. ಸಂಧಿವಾತ ಇದ್ದವರಿಗೆ ಇದು ಗೊತ್ತಿದೆ: ವಾರದಲ್ಲಿ ಒಂದು ಮುಂಜಾನೆ ಯಾಕೋ ಏನೋ ಬೆರಳು ಹಗುರಾಗಿ ಏಳುತ್ತವೆ. ಆ ದಿನ ಹಿಂದಿನ ಬಾಕಿಯನ್ನೆಲ್ಲ ತೀರಿಸಿ, ಮುಂದಿನದನ್ನೂ ಮುಗಿಸಿಬಿಡುವ ಆಸೆ ಬರುತ್ತದೆ.

2019ರ ಬಸವ ಜಯಂತಿಯ ಮುಂಚಿನ ಮಾತು. ಒಂದು ಸ್ಮರಣ ಸಂಚಿಕೆಯ ಕೆಲಸ ಬಂದಿತ್ತು, ಪುಟಕ್ಕೆ 15 ರೂಪಾಯಿ. ಅಂಥದೊಂದು ಹಗುರಾದ ಮುಂಜಾನೆ ಸಿಕ್ಕಿತು. ಎಂಟು ತಾಸು ಕೂತೆ, 34 ಪುಟ ಮಾಡಿದೆ. "ದೊಡ್ಡವ್ವಾ, ಸಾಕ್ ಮಾಡ ಇನ್ನ" ಎಂದು ಮೈದುನನ ಮಗಳು ಎರಡು ಸಲ ಬಂದು ಹೇಳಿ ಹೋದಳು. ಮರುದಿನ ಕೈ ಹೊದಿಕೆ ಸರಿಸಲೂ ಬರಲಿಲ್ಲ. ಕುಪ್ಪಸದ ಗುಂಡಿ ಅವಳೇ ಹಾಕಬೇಕಾಯಿತು. ನಾಲ್ಕು ದಿನ ಹಾಗೆಯೇ ಹೋದವು. ದಿನಕ್ಕೆ ಹನ್ನೆರಡು ಪುಟದಂತೆ ಮಾಡಿದ್ದರೆ ಐದು ದಿನಕ್ಕೆ ಅರವತ್ತು ಪುಟ ಆಗುತ್ತಿತ್ತು. ನಾನು ಮಾಡಿದ್ದು 34 ಪುಟ, ಪಡೆದದ್ದು ನಾಲ್ಕು ದಿನದ ನರಳಾಟ.

ಐದನೆಯ ದಿನ ಮತ್ತೆ ಕೂತಾಗ ಮುಂದಿನ ಲೇಖನ ಆಯ್ದಕ್ಕಿ ಲಕ್ಕಮ್ಮನ ಮೇಲೆ ಇತ್ತು. ಕಥೆ ನನಗೆ ಹೊಸದಲ್ಲ, ನಮ್ಮ ಕಡೆ ಯಾರಿಗೂ ಹೊಸದಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಗಂಡಹೆಂಡತಿ ಕಲ್ಯಾಣಕ್ಕೆ ಬಂದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಪರೀಕ್ಷೆಗೆಂದು ಬಸವಣ್ಣನೇ ಚೆಲ್ಲಿಸಿದ ಎಂದೂ ಹೇಳುತ್ತಾರೆ. ಮಾರಯ್ಯ ಎಲ್ಲವನ್ನೂ ಆಯ್ದು ತಂದ. ಲಕ್ಕಮ್ಮ ಗಂಟು ಹಿಡಿದು ನೋಡಿದಳು, ಭಾರ ಹೆಚ್ಚಾಗಿತ್ತು. ನಮಗೆ ಇಷ್ಟು ಬೇಕಿಲ್ಲ, ಹೆಚ್ಚಿನದನ್ನು ತಂದ ಅಂಗಳಕ್ಕೇ ಹೋಗಿ ಹಾಕಿ ಬಾ ಎಂದಳು.

ನಾನು ಕೀಲಿಮಣೆಯ ಮೇಲಿಂದ ಕೈ ತೆಗೆದು ಕೂತೆ.

ಅಷ್ಟು ವರ್ಷ ಈ ಕಥೆಯನ್ನು ದುರಾಸೆಯ ಕಥೆ ಎಂದು ತಿಳಿದಿದ್ದೆ, ದುರಾಸೆ ಶ್ರೀಮಂತರ ರೋಗ ಎಂದೂ ತಿಳಿದಿದ್ದೆ. ಅಂದು ಕಣ್ಣಿಗೆ ಬಿದ್ದದ್ದು ಬೇರೆ. ಮಾರಯ್ಯ ಆ ಹೆಚ್ಚಿನ ಅಕ್ಕಿಯನ್ನು ಕದ್ದು ತರಲಿಲ್ಲ. ಬೆನ್ನು ಬಗ್ಗಿಸಿ, ಒಂದೊಂದೇ ಕಾಳು ಬೆರಳಲ್ಲಿ ಎತ್ತಿ ತಂದ. ಅದೂ ದುಡಿಮೆಯೇ. ಅವನನ್ನು ನೋಡಿದವರು ಇವತ್ತು ಹೆಚ್ಚು ಕಾಯಕ ಮಾಡಿದ ಎಂದೇ ಹೊಗಳುತ್ತಿದ್ದರು. ದುಡಿಮೆಯ ಮುಖ ಹೊತ್ತು ಬಂದ ಆಸೆಯನ್ನು ಗುರುತಿಸಿದ್ದು ಲಕ್ಕಮ್ಮ ಒಬ್ಬಳೇ. ಅವಳು ಗಂಡನ ಶ್ರಮವನ್ನು ತೂಗಲಿಲ್ಲ, ಆ ದಿನದ ಅಗತ್ಯವನ್ನು ತೂಗಿದಳು.

ನನ್ನ ಹಗುರಾದ ಮುಂಜಾನೆ ಅಂಗಳದಲ್ಲಿ ಹೆಚ್ಚಿಗೆ ಚೆಲ್ಲಿದ ಆ ಅಕ್ಕಿ. ಅದನ್ನೆಲ್ಲ ಬಾಚಿ ಕಟ್ಟಿಕೊಂಡ 34 ಪುಟವನ್ನು ನಾನು ಕಾಯಕವೆಂದು ಕರೆದುಕೊಂಡಿದ್ದೆ. ಅದರಲ್ಲಿ ಹನ್ನೆರಡು ಪುಟ ಕಾಯಕ. ಉಳಿದದ್ದು, ಈ ಬೇನೆ ನನಗಿಲ್ಲ ಎಂದು ಒಂದು ದಿನದ ಮಟ್ಟಿಗೆ ತೋರಿಸಿಕೊಳ್ಳುವ ಆಸೆ. ನಾಳೆಯ ಕೈಯಿಂದ ಕಿತ್ತು ಇಂದಿನ ಕೈಗೆ ಹಾಕಿಕೊಂಡದ್ದು. ನಾಳೆಯ ಕೈಯೂ ಲಿಂಗ ಹಿಡಿಯಬೇಕಾದ ಕೈ. ಪ್ರಸಾದವನ್ನುಂಡು ಬೆಳೆದ ಮೈಯೂ ಪ್ರಸಾದವೇ ಎಂಬ ಅರ್ಥದಲ್ಲಿ ಶರಣರು ಪ್ರಸಾದಕಾಯ ಎಂದರು. ಪ್ರಸಾದವನ್ನು ಚೆಲ್ಲಬಾರದು ಎಂದು ಚಿಕ್ಕಂದಿನಿಂದ ಕಲಿತವಳು ನಾಲ್ಕು ದಿನದ ಮೈಯನ್ನು ಚೆಲ್ಲಿದ್ದೆ.

ಆಮೇಲೆ ಚಂದಯ್ಯನ ಕಥೆಯನ್ನೂ ಪೂರ್ತಿ ನೆನೆದೆ. ಅಪ್ಪ ಹೇಳುತ್ತಿದ್ದದ್ದು ಅರ್ಧ ಎಂದು ಆಗ ಹೊಳೆಯಿತು. ಕಥೆ ಲಿಂಗ ಹಿಂದೆ ಬಂದಲ್ಲಿಗೆ ಮುಗಿಯುವುದಿಲ್ಲ. ಶರಣ ಮಡಿವಾಳ ಮಾಚಯ್ಯ ನಡುವೆ ಬಂದು ನ್ಯಾಯ ಹೇಳುತ್ತಾನೆ. ಲಿಂಗವೂ ಹಗ್ಗ ಮಾರುವ ಕಾಯಕಕ್ಕೆ ಒಪ್ಪುತ್ತದೆ. ಚಂದಯ್ಯ ಅದನ್ನು ಮತ್ತೆ ಧರಿಸುತ್ತಾನೆ. ಕಾಯಕ ಮೇಲು, ಲಿಂಗ ಕೆಳಗು ಎಂಬ ಕಥೆಯಲ್ಲ ಅದು. ಎರಡೂ ಜೊತೆಗೆ ನಡೆಯುವ ಕಥೆ. ದಿನಕ್ಕೆ ಎಷ್ಟು ಮಾರು ಹಗ್ಗ ಹೊಸೆದ ಎಂಬ ಲೆಕ್ಕ ಅದರಲ್ಲಿ ಎಲ್ಲಿಯೂ ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಅನ್ಯಾಯ ಮಾಡಿದಂತೆ. ರಬಕವಿ-ಬನಹಟ್ಟಿಯಲ್ಲಿ ಇಂದಿಗೂ ಎಷ್ಟು ನೇಯ್ದರೆ ಅಷ್ಟೇ ಕೂಲಿ. ಚಳಿಗಾಲದಲ್ಲಿ ಇಲ್ಲಿ ಕಬ್ಬು ಕಡಿಯಲು ಬರುವ ಗುಂಪಿನ ಹೆಂಗಸರ ಕೂಲಿ ಟನ್ನಿನ ಮೇಲೆ ನಿಂತಿದೆ. ಅವರ ಗೆಣ್ಣುಗಳೂ ಊದುತ್ತವೆ. ಅವರ ಮುಂದೆ ನಿಂತು ಸಾಕಷ್ಟೇ ಮಾಡಿರಿ, ಲಕ್ಕಮ್ಮ ಹೇಳಿದ್ದಾಳೆ ಎಂದರೆ ಅದು ಧರ್ಮವಾಗುತ್ತದೆಯೇ? ನನ್ನ ಮನೆಯಲ್ಲಿ ಯಜಮಾನರ ಎರಡೆಕರೆ ಜಮೀನಿದೆ. ನಾನು ಹನ್ನೆರಡು ಪುಟಕ್ಕೆ ನಿಲ್ಲಿಸಿದರೆ ಒಲೆ ಆರುವುದಿಲ್ಲ. ಅವರದು ಆರುತ್ತದೆ.

ಈ ಪ್ರಶ್ನೆಯನ್ನು ಬಹಳ ದಿನ ಹೊತ್ತು ತಿರುಗಿದೆ. ನನಗೆ ಹೊಳೆದ ಉತ್ತರ ಇಷ್ಟು. ಲಕ್ಕಮ್ಮ ಆ ಮಾತನ್ನು ನೆರೆಮನೆಯವರಿಗೆ ಹೇಳಲಿಲ್ಲ. ತನ್ನ ಗಂಡನಿಗೆ, ತನ್ನ ಮನೆಯ ಗಂಟಿನ ಬಗ್ಗೆ, ತಾನೂ ಬಡತನದಲ್ಲಿ ನಿಂತು ಹೇಳಿದಳು. ಇನ್ನೊಬ್ಬರ ಬೋಗುಣಿಯ ಅಕ್ಕಿಯನ್ನು ಎಣಿಸುವ ಅಧಿಕಾರ ಆ ಮಾತಿನಿಂದ ಯಾರಿಗೂ ಬರುವುದಿಲ್ಲ. ಅಳತೆಯ ಮಾತನ್ನು ಹೊರಗೆ ಹೇಳಬೇಕಾದರೆ ಕೆಲಸ ಕೊಡುವವರಿಗೆ ಹೇಳಬೇಕು: ನಾಳೆ ಮುಂಜಾನೆಗೇ ಬೇಕು ಎಂದು ಸಂಜೆ ಆರಕ್ಕೆ ನೂರು ಪುಟ ತಂದಿಡುವವರಿಗೆ, ಟನ್ನಿಗೆ ಎಷ್ಟು ಎಂದು ಕೂಲಿ ಗೊತ್ತುಮಾಡುವವರಿಗೆ. ದುಡಿಯುವವನಿಗೆ ಅಳತೆ ಇರಬೇಕು ಎಂದಮೇಲೆ ದುಡಿಸಿಕೊಳ್ಳುವವನಿಗೂ ಇರಬೇಕು. ನನ್ನ ಬಳಿ ಈಗ ಕೆಲಸ ತರುವವರಿಗೆ ಮೊದಲೇ ಹೇಳುತ್ತೇನೆ: "ದಿನಕ್ಕ ಹನ್ನೆರಡ ಪುಟ್ರೀ. ನಡೀತೈತಿ ಅಂದ್ರ ಇಡ್ರಿ." ಕೆಲವರು ಎತ್ತಿಕೊಂಡು ಹೋದರು. ಉಳಿದವರು, "ಆಗ್ಲಿ ಬಿಡ್ರೀ ಅಕ್ಕಾರ" ಎಂದು ಇಟ್ಟು ಹೋಗುತ್ತಾರೆ.

ಅಳತೆ ಗೊತ್ತಾದ ಮೇಲೆ ಉಪಾಯಗಳನ್ನು ಕಲಿಯಲು ಮನಸ್ಸು ಒಪ್ಪಿತು. ಅಲ್ಲಿಯವರೆಗೆ ಉಪಾಯವೆಂದರೆ ಸೋಲು ಎನ್ನಿಸುತ್ತಿತ್ತು. ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸದ ನುಡಿ ಕೀಲಿಮಣೆ. ಅದರಲ್ಲಿ ಬಸವಣ್ಣ ಎಂದು ಮೂಡಿಸಲು ಬ, ಸ, ವ ಮೂರೂ ಸರಾಗ. ಆಮೇಲೆ ಎಡ ಕಿರುಬೆರಳನ್ನು ಚಾಚಿ ಶಿಫ್ಟ್ ಹಿಡಿದು ಎನ್ ಒತ್ತಿದರೆ ಣ. ಶಿಫ್ಟ್ ಬಿಟ್ಟು ಎಫ್ ಒತ್ತಿದರೆ ಅರ್ಧಾಕ್ಷರ. ಮತ್ತೆ ಶಿಫ್ಟ್, ಮತ್ತೆ ಎನ್. ಆ ಒಂದು ಒತ್ತಕ್ಷರಕ್ಕೆ ಕಿರುಬೆರಳು ಎರಡು ಸಲ ಹಿಗ್ಗಬೇಕು. ಲಿಂಗ ಬರೆಯಬೇಕಾದರೆ ಸೊನ್ನೆಗೂ ಶಿಫ್ಟೇ. ಇಪ್ಪತ್ತು ವರ್ಷ ಸಾವಿರಾರು ಸಲ ಒತ್ತಿದ ಹೆಸರು, ಒತ್ತಿದಾಗಲೆಲ್ಲ ನೋಯತೊಡಗಿತ್ತು. ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಎಂಬ ಸೌಲಭ್ಯ ತೆರೆಯುತ್ತದೆ ಎಂದು ಒಬ್ಬ ಹುಡುಗ ತೋರಿಸಿಕೊಟ್ಟ. ಈಗ ಶಿಫ್ಟನ್ನು ಹಿಡಿದುಕೊಳ್ಳಬೇಕಿಲ್ಲ. ಒಮ್ಮೆ ತಟ್ಟಿ ಬಿಟ್ಟು, ಆಮೇಲೆ ನಿಧಾನಕ್ಕೆ ಎನ್ ತಟ್ಟಿದರೆ ಣ ಮೂಡುತ್ತದೆ. ಮೊದಲ ದಿನ ಹಾಗೆ ಬಸವಣ್ಣ ಎಂದು ನೋವಿಲ್ಲದೆ ಬರೆದಾಗ ಪರದೆಯ ಮುಂದೆ ಕೈ ಮುಗಿದೆ.

ಇನ್ನೊಂದು, ಮಾತನ್ನು ಅಕ್ಷರ ಮಾಡುವ ಸೌಲಭ್ಯ. ಗೂಗಲ್‌ನಲ್ಲಿ ಅದು 2017ರಲ್ಲಿ ಕನ್ನಡಕ್ಕೆ ಬಂತು. ನಮ್ಮ ಬೀಳಗಿ ಕಡೆಯ ಆಡುಮಾತು ಅದಕ್ಕೆ ಸರಿಯಾಗಿ ಹತ್ತುವುದಿಲ್ಲ, ಹಳೆಯ ಕಾಲದ ಶಬ್ದಗಳನ್ನು ಕೇಳಿದರೆ ತಡವರಿಸುತ್ತದೆ. ತಿದ್ದಲು ಬೆರಳು ಬೇಕೇ ಬೇಕು. ಆದರೂ ಅರ್ಧ ಭಾರ ಇಳಿಯುತ್ತದೆ. ಅದರಿಂದ ನಾನು ಎಣಿಸದ ಒಂದು ಸಂಗತಿ ಆಯಿತು. ವಚನ ಎಂದರೆ ಮಾತು. ಇಷ್ಟು ವರ್ಷ ವಚನಗಳನ್ನು ಕಣ್ಣಿಂದ ಎತ್ತಿ ಬೆರಳಿಗೆ ಹಾಕುತ್ತಿದ್ದೆ, ಬಾಯಿಗೆ ತಂದಿರಲಿಲ್ಲ. ಈಗ ಪ್ರತಿಯೊಂದನ್ನೂ ಬಾಯಿ ತೆರೆದು, ಬಿಡಿಸಿ, ಒಂದೇ ಹದದಲ್ಲಿ ನುಡಿಯಬೇಕು. ಅಡುಗೆ ಮನೆಯಲ್ಲಿದ್ದ ಅತ್ತಿ ಒಂದು ದಿನ ಬಾಗಿಲಲ್ಲಿ ಬಂದು ನಿಂತು, "ಇನ್ನೊಮ್ಮೆ ಅನ್ನ ಅದನ್ನ" ಎಂದರು. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಬ್ರೈಲ್ ಅಕ್ಷರಗಳ ಮೇಲೆ ಬೆರಳಾಡಿಸಿ ಓದುತ್ತಿದ್ದರು ಎಂದು ಗದುಗಿನ ಪುಣ್ಯಾಶ್ರಮಕ್ಕೆ ಹೋದಾಗ ಕೇಳಿದ್ದೆ. ಅಲ್ಲಿ ಕಣ್ಣಿನ ಕೆಲಸವನ್ನು ಬೆರಳು ವಹಿಸಿಕೊಂಡಿತ್ತು. ನನ್ನಲ್ಲಿ ಬೆರಳಿನ ಕೆಲಸವನ್ನು ನಾಲಿಗೆ ವಹಿಸಿಕೊಂಡಿದೆ. ಒಂದು ಅಂಗ ಸೋತಾಗ ಇನ್ನೊಂದು ಅಂಗ ಎದ್ದು ಬರುವುದನ್ನು ಕಂಡ ಮೇಲೆ, ಕಾಯಕ ಬೆರಳಲ್ಲಿ ಮಾತ್ರ ಇರುತ್ತದೆ ಎಂದು ನಾನು ನಂಬುವುದಿಲ್ಲ.

ಗುಡಿ ಕಟ್ಟಿಸಲಾಗದ ಬಡವನು ತನ್ನ ಮೈಯನ್ನೇ ಗುಡಿ ಮಾಡಿಕೊಳ್ಳುವ ಬಸವಣ್ಣನ ವಚನವನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಬಾಯಲ್ಲಿ ನುಡಿಯುವಾಗ ಮೊದಲ ಸಲ ಗಮನಿಸಿದೆ: ಅದರಲ್ಲಿ ಕಾಲು ಇದೆ, ದೇಹ ಇದೆ, ತಲೆ ಇದೆ, ಕೈ ಬರುವುದಿಲ್ಲ. ಆ ವಚನದ ಕೊನೆಗೆ ಸ್ಥಾವರ ಅಳಿಯುವಂಥದು, ಜಂಗಮ ಅಳಿಯದ್ದು ಎಂಬ ಅರ್ಥ ಬರುತ್ತದೆ. ಕೈಯನ್ನು ಅವನು ಕಟ್ಟಡದಲ್ಲಿ ಸೇರಿಸದೆ ಹೊರಗೆ ಬಿಟ್ಟದ್ದು ಅದು ಆಡುತ್ತಿರಲಿ, ಕೊಡುತ್ತಿರಲಿ, ತೆಗೆದುಕೊಳ್ಳುತ್ತಿರಲಿ ಎಂದಿರಬೇಕು ಎಂದು ನನಗೆ ಅನಿಸಿತು. ಪಂಡಿತರು ಏನೆನ್ನುತ್ತಾರೋ, ಮುಂಜಾನೆ ಸ್ಥಾವರವಾಗಿ ಏಳುವ ಕೈಯನ್ನು ಬಿಸಿನೀರಲ್ಲಿ ಜಂಗಮ ಮಾಡಿಕೊಳ್ಳುವವಳಿಗೆ ಈ ಅರ್ಥ ಹತ್ತಿರದ್ದು.

ತೆಗೆದುಕೊಳ್ಳುವುದನ್ನು ಕಲಿಯುವುದು ನನಗೆ ಎಲ್ಲಕ್ಕಿಂತ ತಡವಾಯಿತು. ಹೋದ ಚಳಿಯಲ್ಲಿ ಒಂದು ಮುಂಜಾನೆ ಬಿಸಿನೀರಿಗೂ ಬೆರಳು ಸಡಿಲಲಿಲ್ಲ. ಗುಂಡಗಡಗಿ ಹಿಡಿದು ಕೂತಿದ್ದೆ. ಮೈದುನನ ಮಗಳು ಸ್ನಾನ ಮಾಡಿ ಬಂದವಳು, "ತಾ ಇಲ್ಲಿ ದೊಡ್ಡವ್ವಾ" ಎಂದು ತೆರೆದು, ಲಿಂಗವನ್ನು ನನ್ನ ಅಂಗೈಯಲ್ಲಿ ಇಟ್ಟಳು. ಇಟ್ಟು, ವಾಲದಂತೆ ನನ್ನ ಕೈಯ ಕೆಳಗೆ ತನ್ನ ಕೈ ಹಿಡಿದಳು. ಇನ್ನೊಬ್ಬರ ಕೈ ನಡುವೆ ಬಂದರೆ ಅದು ನನ್ನ ಪೂಜೆಯೇ ಎಂಬ ಅಳುಕು ಒಂದು ಗಳಿಗೆ ಇತ್ತು. ಆಮೇಲೆ ದೀಕ್ಷೆಯ ದಿನ ನೆನಪಾಯಿತು. ಲಿಂಗ ಮೊದಲ ಸಲ ನನ್ನ ಅಂಗೈಗೆ ಬಂದದ್ದೂ ಇನ್ನೊಬ್ಬರ ಕೈಯಿಂದಲೇ. ಅಂದು ಗುರುವಿನ ಕೈ, ಇಂದು ಈ ಹುಡುಗಿಯ ಕೈ.

ಈಗ ಮೇಜಿನ ಮೇಲೆ ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡಿರುತ್ತೇನೆ. ಇಪ್ಪತ್ತೈದು ನಿಮಿಷ ಕೆಲಸ, ಹತ್ತು ನಿಮಿಷ ಕೈ ಮಡಿಲಲ್ಲಿ. ಹನ್ನೆರಡನೆಯ ಪುಟದ ಕೊನೆಯ ಸಾಲಿಗೆ ನಿಲ್ಲುತ್ತೇನೆ. ನೋಯುವ ದಿನ ನಿಲ್ಲಿಸುವುದು ಕಷ್ಟವಲ್ಲ, ನೋವೇ ನಿಲ್ಲಿಸುತ್ತದೆ. ಹಗುರಾದ ದಿನ ಕಷ್ಟ. ಹೊತ್ತು ಇನ್ನೂ ಇಳಿದಿರುವುದಿಲ್ಲ, ಬೆರಳು ಓಡಲು ಸಿದ್ಧವಾಗಿರುತ್ತವೆ, ಹದಿಮೂರನೆಯ ಪುಟ ಎದುರಿಗೇ ಇರುತ್ತದೆ. ಆಗ ಕಂಪ್ಯೂಟರ್ ಆರಿಸಿ, ನೋಯದ ಎರಡು ಕೈಗಳನ್ನು ಕೀಲಿಮಣೆಯಿಂದ ಎತ್ತಿಕೊಂಡು ಏಳುತ್ತೇನೆ. ಮಾರಯ್ಯ ಗಂಟು ಹೊತ್ತು ಅಂಗಳಕ್ಕೆ ಮರಳಿ ನಡೆದ ದಾರಿ ಎಷ್ಟು ಉದ್ದವಿತ್ತು ಎಂದು ಆ ಹೊತ್ತಿನಲ್ಲಿ ನನಗೆ ತಿಳಿಯುತ್ತದೆ.